ಗ್ಯಾಹ್: ಅಲ್ಬೇನಿಯನ್ ನುಡಿಯಲ್ಲಿ ಬೇಟೆ

ಅಲ್ಬೇನಿಯನ್ ಭಾಷೆಯಲ್ಲಿ ಬೇಟೆಗೂ ಬೇಟೆಯ ಪ್ರಾಣಿಗೂ ‘ಗ್ಯಾಹ್’ ಎಂಬ ಒಂದೇ ಹೆಸರಿದೆ. ಬೇಟೆಗಾರನನ್ನು ‘ಗ್ಯಾಹ್‌ತಾರ್’ ಎನ್ನುತ್ತಾರೆ. ಹಾಡುಗಾರ, ಬರಹಗಾರ ಎಂಬರ್ಥದ ಪದಗಳಲ್ಲೂ ಕಾಣಸಿಗುವ ಈ ‘ತಾರ್’ ಪ್ರತ್ಯಯ ಕನ್ನಡದ ‘ಗಾರ’ದ ಕೆಲಸವನ್ನೇ ಮಾಡುತ್ತದೆ.

ಪದದ ವ್ಯಾಕರಣ ಸ್ವಾರಸ್ಯಕರವಾದುದು. ಹೇಳುವವನಿಗೂ ಕೇಳುವವನಿಗೂ ಗೊತ್ತಿರುವ ವಸ್ತುವನ್ನು ಗುರುತಿಸುವ ನಿರ್ದಿಷ್ಟ ರೂಪವನ್ನು ಈ ಭಾಷೆ ನಾಮಪದದ ತುದಿಯಲ್ಲೇ ಕಟ್ಟಿಕೊಳ್ಳುತ್ತದೆ. ಪುಲ್ಲಿಂಗದಲ್ಲಿ ಇದಕ್ಕೆ ಸಾಮಾನ್ಯವಾಗಿ ‘ಇ’ ಬರುವುದರಿಂದ ‘ಮಾಲ್’ ಎಂದರೆ ಬೆಟ್ಟ, ‘ಮಾಲಿ’ ಎಂದರೆ ಆ ಬೆಟ್ಟ. ಆದರೆ ಪದವು ಕಕಾರ, ಗಕಾರ ಅಥವಾ ಹಕಾರದಲ್ಲಿ ಮುಗಿದಾಗ ‘ಉ’ ಸೇರುವುದರಿಂದ ಸ್ನೇಹಿತನೆಂಬರ್ಥದ ‘ಮಿಕ್’ ‘ಮಿಕು’ ಆಗುವಂತೆ ‘ಗ್ಯಾಹ್’ ‘ಗ್ಯಾಹು’ ಆಗುತ್ತದೆ. ಇದೇ ‘ಗ್ಯಾಹು’ ಅನಿರ್ದಿಷ್ಟ ಏಕವಚನದ ಪಂಚಮೀ ವಿಭಕ್ತಿಯ ರೂಪವೂ ಹೌದು. ‘ಕ್ಯೆನ್ ಗ್ಯಾಹು’ ಎಂದರೆ ಬೇಟೆನಾಯಿ. ಒಂದೇ ರೂಪ ಎರಡು ಕಡೆ ದುಡಿಯುವಲ್ಲಿ ಅರ್ಥವನ್ನು ವಾಕ್ಯದ ಸಂದರ್ಭದಿಂದಲೇ ತಿಳಿಯಬೇಕಾಗುತ್ತದೆ.

ಇದಕ್ಕೆ ಹತ್ತಿರದ ಕ್ರಿಯಾಪದ ‘ಗ್ಯುವಾಯ್’. ಬೆನ್ನಟ್ಟು, ಬೇಟೆಯಾಡು, ಗುಂಡು ಹಾರಿಸು ಎಂಬ ಅರ್ಥಗಳೆಲ್ಲ ಅದಕ್ಕಿವೆ. ಇದರ ಮೂಲವನ್ನು ಹೊಡೆ, ಕೊಲ್ಲು ಎಂಬರ್ಥದ ಪ್ರಾಚೀನ ಇಂಡೋ-ಯುರೋಪಿಯನ್ ಧಾತುವಿನಲ್ಲಿ ಕಾಣುವ ವಿವರಣೆಯೊಂದು ಬಳಕೆಯಲ್ಲಿದೆ. ಕನ್ನಡಕ್ಕೆ ಬಂದಿರುವ ಹತ್ಯೆ, ಹಂತಕ ಪದಗಳ ಹಿಂದಿನ ಸಂಸ್ಕೃತದ ‘ಹನ್’ ಅದೇ ಧಾತುವಿನದು. ಲಿಥುವೇನಿಯನ್ ಮತ್ತು ಸ್ಲಾವಿಕ್ ಭಾಷೆಗಳಲ್ಲಿ ಅದು ಅಟ್ಟು, ಬೆನ್ನಟ್ಟು ಎಂಬ ಅರ್ಥಕ್ಕೆ ತಿರುಗಿದೆ. ಅರ್ಥದ ದೃಷ್ಟಿಯಿಂದ ಈ ವಿವರಣೆ ಬಲವಾಗಿದೆ, ಧ್ವನಿಯ ದೃಷ್ಟಿಯಿಂದ ಮಾತ್ರ ಅಷ್ಟು ಸಲೀಸಲ್ಲ. ಏಕೆಂದರೆ ಅಲ್ಬೇನಿಯನ್ ಪದಾದಿಯ ‘ಗ್ಯ’ ಎಷ್ಟೋ ಕಡೆ ಹಳೆಯ ಸಕಾರದಿಂದ ಹುಟ್ಟಿದ್ದು, ಹಾವೆಂಬರ್ಥದ ‘ಗ್ಯಾರ್ಪರ್’ ನಮ್ಮ ‘ಸರ್ಪ’ದ ದಾಯಾದಿಯಾಗಿದೆ. ಆದ್ದರಿಂದ ಗಕಾರದ ಮೂಲವನ್ನು ಹೇಳುವವರು ಅದು ಮುಂದಿನ ಸ್ವರದ ಪ್ರಭಾವದಿಂದ ‘ಗ್ಯ’ ಆಯಿತೆಂಬುದನ್ನೂ ತೋರಿಸಬೇಕಾಗುತ್ತದೆ. ಅಲ್ಬೇನಿಯನ್‌ನಲ್ಲಿ ಉಳಿದಿರುವ ಮೊದಲ ಪುಸ್ತಕ, ಗ್ಯೋನ್ ಬುಜುಕುವಿನ ‘ಮೆಷಾರಿ’, 1555ರದು. ಅದಕ್ಕೂ ಹಿಂದಿನ ಬರಹ ತೀರ ಅಲ್ಪವಾದ್ದರಿಂದ ಇಂಥ ಪ್ರಶ್ನೆಗಳಿಗೆ ಸೋದರ ಭಾಷೆಗಳ ಹೋಲಿಕೆಯೇ ಮುಖ್ಯ ಆಧಾರ.

ಈ ಕ್ರಿಯಾಪದದಿಂದ ‘ಗ್ಯುವೆತಿ’ ಎಂಬ ಸ್ತ್ರೀಲಿಂಗ ನಾಮಪದವೂ ಹುಟ್ಟಿದೆ. ಅರ್ಥ ಅದೇ ಬೇಟೆಯಾದರೂ ಆಡಳಿತದ ಬರವಣಿಗೆಯಲ್ಲಿ ನೆಲೆಯೂರಿರುವುದು ಇದೇ ರೂಪ: ಸಂಖ್ಯೆಯಲ್ಲಿ ಕುಸಿಯುತ್ತಿದ್ದ ವನ್ಯಜೀವಿಗಳನ್ನು ಉಳಿಸಲು ಅಲ್ಬೇನಿಯಾ 2014ರಲ್ಲಿ ಎರಡು ವರ್ಷಗಳಿಗೆ ವಿಧಿಸಿ, 2016ರಲ್ಲಿ ಮತ್ತೆ ಐದು ವರ್ಷಗಳಿಗೆ ವಿಸ್ತರಿಸಿದ ಬೇಟೆ ನಿಷೇಧಕ್ಕೆ ಬಳಕೆಯಾದ ಪದ ‘ಗ್ಯುವೆತಿ’.