ವೈದ್ಯಪದ್ಧತಿಗಳು ‘ಪರ್ಯಾಯ’ವಾದ ಬಗೆ

ಆಯುರ್ವೇದ, ಯುನಾನಿ, ಸಿದ್ಧ, ಹೋಮಿಯೋಪಥಿ, ಪ್ರಕೃತಿಚಿಕಿತ್ಸೆ, ಯೋಗ ಇವುಗಳನ್ನು ಒಟ್ಟಾಗಿ ಪರ್ಯಾಯ ವೈದ್ಯಪದ್ಧತಿಗಳೆಂದು ಕರೆಯುವುದು ಇಂದು ವಾಡಿಕೆಯಾಗಿದೆ. ಆದರೆ ಮೂಲದಲ್ಲಾಗಲಿ ತತ್ತ್ವದಲ್ಲಾಗಲಿ ಇವುಗಳಿಗೆ ಏಕರೂಪತೆಯಿಲ್ಲ. ಯುನಾನಿಯ ಮೂಲ ಗ್ರೀಕರ ವೈದ್ಯ. ಅರಬ್ಬೀ, ಪಾರಸಿ ಗ್ರಂಥಗಳ ಮೂಲಕ ಅದು ಇಲ್ಲಿಗೆ ಬಂದಿತು. ಹೋಮಿಯೋಪಥಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ಹುಟ್ಟಿತು. ಯೋಗವಂತೂ ಮೂಲತಃ ಮೋಕ್ಷಸಾಧನವೇ ಹೊರತು ಚಿಕಿತ್ಸೆಯಲ್ಲ. ಹೀಗಿರುವಲ್ಲಿ ಇವೆಲ್ಲ ಒಂದೇ ಹೆಸರಿನ ಕೆಳಗೆ ಬಂದುದು ಹೇಗೆಂಬುದನ್ನು, ವಿಶೇಷವಾಗಿ ಕನ್ನಡನಾಡಿನ ನಿದರ್ಶನಗಳಿಂದ, ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಂಪನಿ ಸರ್ಕಾರವು ೧೮೨೨ರಲ್ಲಿ ಕಲ್ಕತ್ತೆಯಲ್ಲಿ ತೆರೆದ ವೈದ್ಯಶಾಲೆಯಲ್ಲಿ ಪಾಶ್ಚಾತ್ಯ ವೈದ್ಯದೊಡನೆ ದೇಶೀಯ ವೈದ್ಯಕ್ಕೂ ಸ್ಥಾನವಿದ್ದಿತು. ಬೋಧನೆ ದೇಶಭಾಷೆಗಳಲ್ಲಿ ನಡೆಯುತ್ತಿದ್ದಿತು. ೧೮೩೫ರಲ್ಲಿ ಬೆಂಟಿಂಕನ ಆಡಳಿತವು ಅದನ್ನು ರದ್ದುಪಡಿಸಿ, ಪಾಶ್ಚಾತ್ಯ ವೈದ್ಯವನ್ನು ಮಾತ್ರ ಇಂಗ್ಲಿಷಿನಲ್ಲಿ ಕಲಿಸುವ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿತು. ಮುಂದೆ ೧೯೧೨ರಲ್ಲಿ ಮುಂಬಯಿಯಲ್ಲಿಯೂ ೧೯೧೪ರಲ್ಲಿ ಮದರಾಸಿನಲ್ಲಿಯೂ ವೈದ್ಯರ ನೋಂದಣಿಯ ಶಾಸನಗಳು ಬಂದುವು. ಧಾರವಾಡ, ಮಂಗಳೂರು, ಬಳ್ಳಾರಿಗಳು ಆಗ ಈ ಪ್ರಾಂತಗಳಿಗೇ ಸೇರಿದ್ದುವು. ಪಾಶ್ಚಾತ್ಯ ವೈದ್ಯವನ್ನು ಕಲಿತವರಿಗೆ ಮೀಸಲಾದ ಆ ಪಟ್ಟಿಯ ಹೊರಗೆ ಉಳಿದುದೆಲ್ಲವೂ, ತಮ್ಮತಮ್ಮ ಭೇದಗಳೇನೇ ಇರಲಿ, ಒಂದೇ ಗುಂಪಾಯಿತು.

ಮೈಸೂರು ಸಂಸ್ಥಾನದ ಮಾರ್ಗ ಸ್ವಲ್ಪ ಬೇರೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ೧೯೦೮ರಲ್ಲಿ ಮೈಸೂರಿನಲ್ಲಿ ಆಯುರ್ವೇದ ಶಿಕ್ಷಣಸಂಸ್ಥೆ ಪ್ರಾರಂಭವಾಯಿತು. ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದು ಚಿತ್ರದುರ್ಗ ಸೀಮೆಯ ತಿರುಮಲೆ ಕೃಷ್ಣಮಾಚಾರ್ಯರನ್ನು ಬೋಧಕರನ್ನಾಗಿ ನಿಯಮಿಸಲಾಯಿತು. ಮರುವರ್ಷ ಪ್ರಕಟವಾದ ಅವರ ಕನ್ನಡ ಗ್ರಂಥ ‘ಯೋಗ ಮಕರಂದ’ದಲ್ಲಿ ಆಸನಗಳ ಕ್ರಮದೊಡನೆ ಅವುಗಳಿಂದ ಶಮನವಾಗುವುವೆನ್ನಲಾದ ರೋಗಗಳನ್ನೂ ಹೇಳಿದೆ. ಲೋಣಾವಳದಲ್ಲಿ ೧೯೨೪ರಿಂದಲೇ ಸ್ವಾಮಿ ಕುವಲಯಾನಂದರು ಯೋಗಕ್ರಿಯೆಗಳನ್ನು ಕ್ಷಕಿರಣಾದಿ ಯಂತ್ರಗಳಿಂದ ಪರೀಕ್ಷಿಸುತ್ತಿದ್ದರು. ಸಾಧನೆಯು ಚಿಕಿತ್ಸೆಯಾಗಿ ಪರಿಣಮಿಸಿದುದು ಇಂಥ ಶಾಲೆ, ಪುಸ್ತಕ, ಪ್ರಯೋಗಾಲಯಗಳ ಮೂಲಕವೇ. ಕೃಷ್ಣಮಾಚಾರ್ಯರ ಶಿಷ್ಯರಾದ ಬಿ. ಕೆ. ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸರಿಂದ ಅದು ದೇಶಾಂತರಗಳಿಗೂ ಹಬ್ಬಿತು. ಇತ್ತ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಪಾದ್ರಿ ಮುಲ್ಲರರು ೧೮೮೦ರಲ್ಲಿಯೇ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ತೆರೆದಿದ್ದರು. ಪರದೇಶದ ಪದ್ಧತಿಯೊಂದು ಹೀಗೆ ಊರಿನದೇ ಆಯಿತು.

ದೇಶೀಯ ವೈದ್ಯಕ್ಕೆ ಪ್ರೋತ್ಸಾಹ ದೊರೆಯಬೇಕೆಂದು ಮದರಾಸಿನ ಉಸ್ಮಾನ್ ಸಮಿತಿಯು ೧೯೨೩ರಲ್ಲಿಯೂ, ಎರಡು ವೈದ್ಯಗಳನ್ನು ಸಮನ್ವಯಗೊಳಿಸಬೇಕೆಂದು ಚೋಪ್ರಾ ಸಮಿತಿಯು ೧೯೪೮ರಲ್ಲಿಯೂ ಸೂಚಿಸಿದುವು. ಮುಂಬಯಿ ಪ್ರಾಂತದ ೧೯೩೮ರ ಶಾಸನವು ದೇಶೀಯ ವೈದ್ಯರಿಗೂ ನೋಂದಣಿಯನ್ನು ಏರ್ಪಡಿಸಿತು. ೧೯೭೦ರ ಕೇಂದ್ರ ಶಾಸನದಿಂದ ಶಿಕ್ಷಣಕ್ಕೆ ಏಕರೂಪದ ಮಟ್ಟ ನಿಗದಿಯಾಯಿತು. ೨೦೧೪ರಲ್ಲಿ ಆಯುಷ್ ಸಚಿವಾಲಯ ರಚಿತವಾಯಿತು. ಹೊರಗಿದ್ದವು ಒಳಗೆ ಬಂದುವು.

ಆದರೆ ಒಳಗೆ ಬಂದುದು ಪಾಠಪಟ್ಟಿಗೆ ಒಗ್ಗಿದ ಭಾಗವಷ್ಟೆ. ಗ್ರಂಥವೂ ಪದವಿಯೂ ಇಲ್ಲದ ನಾಟಿವೈದ್ಯರು, ಮೂಳೆ ಕಟ್ಟುವವರು, ಸೂಲಗಿತ್ತಿಯರು ಹಿಂದೆ ಪಾಶ್ಚಾತ್ಯ ವೈದ್ಯದ ಪಟ್ಟಿಯ ಹೊರಗಿದ್ದಂತೆ ಈಗ ದೇಶೀಯ ವೈದ್ಯದ ಪಟ್ಟಿಯ ಹೊರಗುಳಿದರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ವ್ಯಕ್ತಿಗೆ ದೊರೆತ ಈ ಮನ್ನಣೆಯಿಂದ ಅವರ ವಿದ್ಯೆಗೆ ಶಾಲೆಯೇನೂ ದೊರೆಯಲಿಲ್ಲ.

ಪ್ರಾಚೀನತೆಯು ಔಷಧದ ಗುಣಕ್ಕೆ ಪ್ರಮಾಣವಲ್ಲ. ರಾಜಾಶ್ರಯವಿಲ್ಲದಿರುವುದು ದೋಷಕ್ಕೆ ಪ್ರಮಾಣವೂ ಅಲ್ಲ. ಗುಣದೋಷಗಳನ್ನು ನಿರ್ಣಯಿಸತಕ್ಕದ್ದು ಪ್ರಯೋಗಪರೀಕ್ಷೆ. ಯಾವ ವಿದ್ಯೆ ಯಾರ ನಿರ್ಣಯದಿಂದ ಒಳಗಾಯಿತು, ಯಾವುದು ಹೊರಗಾಯಿತು ಎಂಬುದನ್ನು ತಿಳಿಸುವುದು ಇತಿಹಾಸಕಾರನ ಹೊಣೆ. ಮನೆತನದ ವೈದ್ಯರ ಓಲೆಗರಿಗಳನ್ನೂ ಕೈಬರಹದ ಪುಸ್ತಕಗಳನ್ನೂ ಸೂಲಗಿತ್ತಿಯರ ಹೇಳಿಕೆಗಳನ್ನೂ ಜಿಲ್ಲೆಜಿಲ್ಲೆಯಾಗಿ ಸಂಗ್ರಹಿಸದೆ ಆ ಹೊಣೆ ತೀರದು. ಆ ಕಾರ್ಯಕ್ಕೆ ವಿಳಂಬ ಸಲ್ಲದು. ಬರೆದಿಡದ ವಿದ್ಯೆ ಬಲ್ಲವರೊಡನೆಯೇ ಹೊರಟುಹೋಗುತ್ತದೆ.