ದೇವರ ಕೈಗೆ ಬಿಟ್ಟವರು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕೊಂಕಣಿ ಕ್ರೈಸ್ತರ ಮನೆಯಲ್ಲಿ ಸಾವಾದಾಗ ಹಿರಿಯರ ಬಾಯಲ್ಲಿ ಬರುವ ಮಾತು ‘ದೆವಾಚಿ ಖುಶಿ’. ದೇವರ ಇಚ್ಛೆ ಎಂದು ಅರ್ಥ. ಕನ್ನಡದ ಕಿವಿಗೆ ಮಾತ್ರ ಅದು ಸಂತೋಷವಾಗಿಯೇ ಕೇಳಿಸುತ್ತದೆ. ಕನ್ನಡದ ಪ್ರಾರ್ಥನೆಯಲ್ಲಿ ಆ ಜಾಗದಲ್ಲಿರುವುದು ‘ಚಿತ್ತ’. ಬಾಳಿನ ಹಿಡಿತವನ್ನು ದೇವರಿಗೆ ಬಿಟ್ಟುಕೊಡುವ ಕ್ರೈಸ್ತ ವಿಚಾರ ಎರಡು ಪದಗಳಲ್ಲಿ, ಎರಡು ದಾರಿಗಳಲ್ಲಿ ಈ ಮಲೆಗಳಿಗೆ ಬಂತು.

ಮೂಲ ಗೆತ್ಸೇಮನೆಯ ತೋಟ. ತನಗೆ ಬರಲಿರುವ ಸಂಕಟ ತಪ್ಪಲಿ ಎಂದು ಯೇಸು ಮೊದಲು ಬೇಡಿಕೊಂಡರು, ಆಮೇಲೆ ತಂದೆಯ ಚಿತ್ತಕ್ಕೆ ಬಿಟ್ಟರು. ಬೇಡಿಕೆ ಮೊದಲು, ಒಪ್ಪಿಗೆ ಆಮೇಲೆ. ಈ ಕ್ರಮವನ್ನು ನಾವು ಮರೆಯಬಾರದು. ಮುಂದೆ ಕ್ರೈಸ್ತ ಮಠಗಳಲ್ಲಿ ಇದು ವಿಧೇಯತೆಯ ವ್ರತವಾಯಿತು. 1548ರಲ್ಲಿ ಅಚ್ಚಾದ ಇಗ್ನೇಷಿಯಸ್ ಲೊಯೋಲಾ ಅವರ ಸಾಧನಾ ಗ್ರಂಥದಲ್ಲಿ ಸಾಧಕ ತನ್ನ ಸ್ವಾತಂತ್ರ್ಯ, ನೆನಪು, ಬುದ್ಧಿ, ಇಚ್ಛೆ ಎಲ್ಲವನ್ನೂ ದೇವರಿಗೆ ಕೊಡುತ್ತಾನೆ. ಅವರ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ 17ನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದು ಕನ್ನಡ ಕಲಿತರು, ಕನ್ನಡದಲ್ಲಿ ಬರೆದರು. 1861ರಲ್ಲಿ ಫ್ರಾನ್ಸಿನಲ್ಲಿ ಕೊಸಾಡ್ ಅವರ ಹೆಸರಿನಲ್ಲಿ ಹೊರಬಂದ ಪುಸ್ತಕ ಈ ಒಪ್ಪಿಸುವಿಕೆಯನ್ನೇ ಮನೆಮಂದಿಯ ದಿನಚರಿಗೆ ಇಳಿಸಿತು: ಈ ಹೊತ್ತು ಕೈಯಲ್ಲಿರುವ ಕೆಲಸದಲ್ಲೇ ದೇವರ ಇಚ್ಛೆ ಇದೆ.

ಕೊಂಕಣಿಯ ದಾರಿ ಕರಾವಳಿಯದು. ಸಾಗರದ ಪಕ್ಕದ ಇಕ್ಕೇರಿಯಿಂದಲೂ ಈಗ ಹೊಸನಗರ ತಾಲ್ಲೂಕಿನಲ್ಲಿರುವ ಬಿದನೂರಿನಿಂದಲೂ ಆಳಿದ ಕೆಳದಿಯ ಅರಸರು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದಗಳಿಂದ ಕರಾವಳಿಯಲ್ಲಿ ಇಗರ್ಜಿಗಳಿಗೆ ಜಾಗ ಸಿಕ್ಕಿತು. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಅಂಥ ನೆನಪುಳ್ಳ ಜನರ ‘ಖುಶಿ’ ಹಗುರದ ಮಾತಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಗದ್ದೆ, ಮನೆ ಬಿಟ್ಟುಬಂದ ಎಲ್ಲ ಜಾತಿಯವರಿಗೂ ಗೊತ್ತು: ಕಸಿದುಕೊಂಡದ್ದು ಬೇರೆ, ಒಪ್ಪಿಸಿದ್ದು ಬೇರೆ.

ಕನ್ನಡದ ದಾರಿ ಮುಖ್ಯವಾಗಿ ಬಾಸೆಲ್ ಮಿಶನ್ನಿನದು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನ್ನಿನವರ ಎದುರಿಗೆ ಶರಣರ, ದಾಸರ ಭಾಷೆ ಆಗಲೇ ಹದವಾಗಿ ನಿಂತಿತ್ತು. ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚು ಮಾಡಿಸಿದರು. ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಬಾಳನ್ನು ಕನ್ನಡ ಪದ್ಯದಲ್ಲಿ ಹೇಳಿದರು. ಶರಣಾಗತಿಯನ್ನು ಅವರು ಹೊರಗಿನಿಂದ ತರಬೇಕಾಗಿರಲಿಲ್ಲ.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಪಂಡಿತಾ ರಮಾಬಾಯಿಯ ಬಳಿ. ಅವರು ಹುಟ್ಟಿದ್ದು 1858ರಲ್ಲಿ ಗಂಗಾಮೂಲದ ಕಾಡಿನಲ್ಲಿ. ತೀರ್ಥಹಳ್ಳಿಯನ್ನು ಹಾದುಹೋಗುವ ತುಂಗೆಯೂ ಹುಟ್ಟುವುದು ಅಲ್ಲೇ. ಹೆಂಡತಿಗೆ ಸಂಸ್ಕೃತ ಕಲಿಸಿದ ತಂದೆ ಅನಂತಶಾಸ್ತ್ರಿ ಡೋಂಗ್ರೆ ಊರೂರು ತಿರುಗಿದರು. ಬರದಲ್ಲಿ ತಂದೆ, ತಾಯಿ, ಅಕ್ಕ ತೀರಿಹೋದರು. 1883ರಲ್ಲಿ ಇಂಗ್ಲೆಂಡಿನಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದರು. ಎಂಟು ವರ್ಷ ಕಳೆದ ಮೇಲಷ್ಟೇ ಅವರಿಗೆ ಅರಿವಾಯಿತು: ತನಗೆ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ. ತನ್ನನ್ನೇ ಒಪ್ಪಿಸಿದ್ದು ಆಗ. 1896-97ರ ಬರದಲ್ಲಿ ಅನಾಥ ಹುಡುಗಿಯರನ್ನು ಕರೆತಂದು ಕೇಡಗಾಂವದ ತಮ್ಮ ‘ಮುಕ್ತಿ’ ಆಶ್ರಮದಲ್ಲಿ ನೆಲೆ ಕೊಟ್ಟರು. ನಾಳಿನ ಅನ್ನಕ್ಕೆ ದೇವರನ್ನು ನಂಬಿದ ಅದೇ ಹೆಣ್ಣುಮಗಳು ಬಾವಿ ತೋಡಿಸಿದರು, ಮುದ್ರಣ ಯಂತ್ರ ತರಿಸಿದರು, ಬೈಬಲನ್ನು ಮರಾಠಿಗೆ ತಂದರು. ತನ್ನನ್ನು ಚರ್ಚಿನ ಅಂಕೆಯಲ್ಲಿಡಲು ನೋಡಿದ ಇಂಗ್ಲಿಷ್ ಸನ್ಯಾಸಿನಿಗೆ ಕಾಗದದ ಮೇಲೆ ಕಾಗದ ಬರೆದು ವಾದಿಸಿದರು. ದೇವರಿಗೆ ಬಾಗಿದ ಮಾತ್ರಕ್ಕೆ ಮನುಷ್ಯರಿಗೆ ಬಾಗಬೇಕಿಲ್ಲ. ಅನ್ಯಾಯ ಉಂಡವರಿಗೆ ‘ದೇವರ ಚಿತ್ತ, ಸುಮ್ಮನಿರು’ ಎನ್ನುವವರನ್ನು ಕಂಡಾಗೆಲ್ಲ ನನಗೆ ಈ ಕಾಗದಗಳು ನೆನಪಾಗುತ್ತವೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿ ತೀರ್ಥಹಳ್ಳಿ ಸೀಮೆಯ ಇನ್ನೊಂದು ಮುಖ ತೋರಿಸುತ್ತದೆ. ಅಲ್ಲಿ ಪಾದ್ರಿ ಜೀವರತ್ನಯ್ಯ ಬರುತ್ತಾರೆ, ಬೈಸಿಕಲ್ಲೂ ಬರುತ್ತದೆ. ಬೆಟ್ಟಳ್ಳಿ ದೇವಯ್ಯನನ್ನು ಕ್ರೈಸ್ತ ಮತದತ್ತ ಸೆಳೆದದ್ದರಲ್ಲಿ ಹೊಸ ಕಾಲದ ಬೆರಗು ಎಷ್ಟು, ಶರಣಾಗತಿ ಎಷ್ಟು ಎಂದು ಓದುಗನೇ ತೂಗಬೇಕು. ಜಾತಿ ಬದಲಿಸುವುದಕ್ಕೂ ತನ್ನನ್ನು ಒಪ್ಪಿಸುವುದಕ್ಕೂ ಇರುವ ದೂರವನ್ನು ಇಷ್ಟು ಹತ್ತಿರದಿಂದ ಕನ್ನಡದಲ್ಲಿ ಕಂಡವರು ಕಡಿಮೆ.

1988ರಲ್ಲಿ ಶಿವಮೊಗ್ಗ ಕಥೋಲಿಕ ಧರ್ಮಪ್ರಾಂತವಾಯಿತು. 2007ರಲ್ಲಿ ಕೇರಳ ಮೂಲದ ಸೀರೋ-ಮಲಬಾರ್ ಕ್ರೈಸ್ತರಿಗೆ ಭದ್ರಾವತಿಯಲ್ಲಿ ಧರ್ಮಪ್ರಾಂತ ಬಂತು. ಆದರೆ ಒಪ್ಪಿಸುವುದನ್ನು ಕಣ್ಣಾರೆ ನೋಡಬೇಕೆಂದರೆ ಮರಿಯಳ ಹುಟ್ಟಿನ ಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೋಗಬೇಕು. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಮಾತೆ ಮರಿಯಳಿಗೆ ಹೂ ತರುತ್ತಾರೆ. ಹಬ್ಬದ ದಿನ ಗುರುಗಳು ಹೊಸ ತೆನೆ ಮಂತ್ರಿಸಿ ಮನೆಗೊಂದರಂತೆ ಕೊಡುತ್ತಾರೆ. ಹೊತ್ತು ನೋಡಿ: ಮುಂಗಾರಿಗೆ ಮೊದಲು ಮೈಲುತುತ್ತ, ಸುಣ್ಣ ಕಲಸಿ ಅಡಿಕೆಗೊನೆಗೆ ಔಷಧಿ ಹೊಡೆಸಿ ಆಗಿದೆ, ಮಳೆ ಮಾತ್ರ ಇನ್ನೂ ಬಿಟ್ಟಿಲ್ಲ. ಕೊಳೆರೋಗ ಬಂದೀತೋ ಇಲ್ಲವೋ ಯಾರೂ ಹೇಳಲಾರರು. ಒಳಗೆ ಮನೆಯ ಹಿರಿಯರು ತೆನೆಯ ಕಾಳು ಸುಲಿದು, ಅರೆದು, ಹಾಲಿಗೆ ಬೆರೆಸಿ, ಚಿಕ್ಕ ಮಗುವಿನಿಂದ ಹಿಡಿದು ಎಲ್ಲರ ಕೈಗೂ ಒಂದೊಂದು ಗುಟುಕು ಹಾಕುತ್ತಾರೆ.