ಕಿವಿಯ ಚರ್ಮದಡಿಯ ಗುಳಿಗೆ

ಅಮೆರಿಕದ ಅಯೋವಾ ಸ್ಟೇಟ್ ಕಾಲೇಜಿನಲ್ಲಿ ವೈಸ್ ಬರೋಸ್ ನಡೆಸಿದ ಪ್ರಯೋಗಗಳ ಫಲವಾಗಿ, ಡೈಇಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಸ್ತ್ರೀಹಾರ್ಮೋನನ್ನು ಮಾಂಸದ ದನಗಳ ಮೇವಿನಲ್ಲಿ ಬೆರೆಸಲು 1954ರಲ್ಲಿ ಅನುಮತಿ ದೊರೆಯಿತು. ಕೆಲವೇ ವರ್ಷಗಳಲ್ಲಿ ಅದು ಇಂಪ್ಲಾಂಟ್ ಆಗಿಯೂ, ಅಂದರೆ ಕಿವಿಯ ಹಿಂಬದಿಯ ಚರ್ಮದಡಿ ದಪ್ಪ ಸೂಜಿಯಿಂದ ಸೇರಿಸುವ, ನಿಧಾನವಾಗಿ ಕರಗುವ ಸಣ್ಣ ಗುಳಿಗೆಯಾಗಿಯೂ ಬಳಕೆಗೆ ಬಂದಿತು. ಕಿವಿಯನ್ನೇ ಆರಿಸಿದ್ದಕ್ಕೆ ಕಾರಣವುಂಟು: ವಧೆಯ ಬಳಿಕ ಅದು ಆಹಾರಕ್ಕೆ ಸೇರುವುದಿಲ್ಲ. ಬೀಜ ಒಡೆದ ಎಳೆಯ ಹೋರಿಗಳು ಅಷ್ಟೇ ಮೇವಿಗೆ ಹೆಚ್ಚು ತೂಗಿದವು, ಮಾಂಸಖಂಡ ಬೆಳೆಯಿತು. ಆದರೆ ಮಾಂಸದೆಳೆಗಳ ನಡುವೆ ಬಿಳಿ ಗೆರೆಗಳಂತೆ ಹರಡುವ, ದರ್ಜೆ ನಿರ್ಣಯಕ್ಕೆ ಮುಖ್ಯವಾದ ಕೊಬ್ಬು ತಗ್ಗುವುದರಿಂದ ಇದನ್ನು ಪೂರ್ತಿ ಲಾಭವೆನ್ನಲಾಗದು. ಗರ್ಭಿಣಿಯರಾಗಿದ್ದಾಗ ಇದೇ ಹಾರ್ಮೋನನ್ನು ಔಷಧವಾಗಿ ಸೇವಿಸಿದವರ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸುವುದು 1971ರಲ್ಲಿ ಬೆಳಕಿಗೆ ಬಂದರೂ, ದನಗಳಲ್ಲಿ ಅದರ ಬಳಕೆ ಅಂತಿಮವಾಗಿ ನಿಷೇಧಗೊಂಡದ್ದು 1979ರಲ್ಲಿ; ಎಂಟು ವರ್ಷಗಳ ಈ ವಿಳಂಬ ಕ್ಷಮಾರ್ಹವಲ್ಲ. ಬೇರೆ ಹಾರ್ಮೋನುಗಳ ಗುಳಿಗೆಗಳು ಅಮೆರಿಕದಲ್ಲಿ ಮುಂದುವರಿದವು. ಹಾರ್ಮೋನು ನೀಡಿದ ದನಗಳ ಮಾಂಸದ ಆಮದನ್ನು ಯುರೋಪ್ 1989ರಲ್ಲಿ ತಡೆಯಿತು.